ಅರಳೆ ಅಂಗಡಿಯವರ ಮಗನನ್ನು ಎರಡನೇ ಇಯತ್ತೆ ದಾಟಿಸಿದ್ದು

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಮನೆ ಬಿಡುವಾಗ ನನ್ನ ಮನಸ್ಸು ತಿಳಿನೀರಿನ ಹಾಗಿರುತ್ತದೆ. ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಯಾರೋ ಒಬ್ಬ ಏಳೆಂಟು ವರ್ಷದವನು ಅದರಲ್ಲಿ ದೊಡ್ಡದೊಂದು ಕಲ್ಲು ಎತ್ತಿಹಾಕುತ್ತಾನೆ. ಹುಬ್ಬಳ್ಳಿಯ ಗಂಡುಮಕ್ಕಳ ಶಾಲೆಯಲ್ಲಿ ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ ನನಗೆ ಗಾಬರಿಯಾಗುವುದು ತಪ್ಪಿಲ್ಲ. ಶಿವ ನನ್ನ ಎದೆಯನ್ನು ಗಟ್ಟಿಯಾಗಿ ಮಾಡಿ ಕಳಿಸಿದ್ದಾನೆ. ಇಲ್ಲವಾದರೆ ಅದು ಅರಳೆ ಅಂಗಡಿಯವರ ಮಗನೊಬ್ಬನ ಕೈಯಲ್ಲೇ ನಿಂತುಹೋಗಬೇಕಿತ್ತು.

ಆ ಹುಡುಗನಿಗೆ ಓದುವ ಹುಚ್ಚು. ಸಕ್ಕರೆ ಕಟ್ಟಿಕೊಟ್ಟ ಹಾಳೆಯನ್ನೂ ಓದದೆ ಬಿಡುತ್ತಿರಲಿಲ್ಲ. ಆದರೆ ಲೆಕ್ಕ ಎಂದರೆ ಚಳಿಜ್ವರ. ಎರಡನೇ ಇಯತ್ತೆಯಲ್ಲಿ ಒಮ್ಮೆ ನಪಾಸಾದ. ತಂದೆ ಶಾಲೆಗೇ ಬಂದು, “ಇದ ಕಡೀ ವರ್ಷರೀ ಮಾಸ್ತರ. ಈ ಸಲ ಪಾಸಾದ್ರ ಸಾಲಿ, ಇಲ್ಲಂದ್ರ ಅಂಗಡಿ” ಎಂದು ಹೇಳಿಹೋದರು. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗನ ಮುಖ ನೋಡಿದೆ. ಅಂದಿನಿಂದ ದಿನವೂ ಪೂಜೆಯಲ್ಲಿ, ಇವನನ್ನು ಶಾಲೆಯಲ್ಲಿ ಉಳಿಸಪ್ಪಾ ಎಂದು ಬೇಡುತ್ತಿದ್ದೆ.

ಕೌದಿ

ಶಾಲೆ ತಪ್ಪಿಸಿದವನನ್ನು ದೊಡ್ಡ ಇಯತ್ತೆಯ ನಾಲ್ವರು ಹುಡುಗರು ಹೋಗಿ ಕೈಕಾಲು ಹಿಡಿದು ಹೊತ್ತು ತರುವುದು ಆಗಿನ ಪದ್ಧತಿ. ಲೆಕ್ಕದ ಪರೀಕ್ಷೆಯಿದ್ದ ಒಂದು ಸೋಮವಾರ ನಮ್ಮ ಹುಡುಗ ಬರಲಿಲ್ಲ. “ಹಗೂರಕ ತರ್ರೆಪಾ, ನೋವಾಗಬಾರದು” ಎಂದು ಹೇಳಿ ನಾಲ್ವರನ್ನು ಕಳಿಸಿದೆ.

ಅರ್ಧ ತಾಸಿನಲ್ಲಿ ಒಂದು ದೊಡ್ಡ ಕೌದಿಯ ಗಂಟು ಹೊತ್ತು ಬಂದರು. “ಭಾಳ ಒದಿಯಾಕತ್ತಿದ್ದರೀ. ಅದಕ್ಕ ಹಾಸಿಗಿ ಸಮೇತ ತಂದ್ವಿ” ಎಂದು ಏದುಸಿರು ಬಿಡುತ್ತ ನನ್ನ ಮುಂದೆ ಇಳಿಸಿದರು. ಕೌದಿ ಸರಿಯಿತು. ಒಳಗಿನಿಂದ ಬೆಳ್ಳಗಿನ ತಲೆಯೊಂದು ಹೊರಬಂತು.

ಹುಡುಗನ ಅಜ್ಜಿ!

ನಾನು ಹೌಹಾರಿ ಎದ್ದು ನಿಂತೆ. ನಾನು ನಿಂತದ್ದು ನೋಡಿ ಇಡೀ ವರ್ಗ ಎದ್ದು ನಿಂತು ಅಜ್ಜಿಗೆ ನಮಸ್ಕಾರ ಹೇಳಿತು. ಕಾಲಿಗೆ ಬಿದ್ದು, “ತಪ್ಪಾತ್ರಿ ಅವ್ವಾರ” ಎಂದೆ.

ಆಕೆ ಸೆರಗು ಸರಿಪಡಿಸಿಕೊಂಡು ಗೋಡೆ, ನಕಾಶೆ, ಹಲಗೆ ಎಲ್ಲ ನೋಡಿದರು. “ಇರ್ಲಿ ಬಿಡ್ರಿ ಮಾಸ್ತರ. ಎಪ್ಪತ್ತ ವರ್ಷ ಆತು, ಸಾಲಿ ಒಳಗ ಹ್ಯಾಂಗಿರತೈತಿ ಅಂತ ನೋಡಿರಲಿಲ್ಲ. ಆ ಹುಡುಗ ಹಿತ್ತಲದಾಗ ಅಡಗ್ಯಾನ. ಹ್ಯಾಂಗೂ ನಾನು ಬಂದೇನಲ್ಲ, ಅವನ ಹಾಜರಿ ಹಾಕಿಬಿಡ್ರಿ.”

ದೇವರ ಲೆಕ್ಕ

ಹೊತ್ತು ತಂದರೆ ಲೆಕ್ಕ ಬರುವುದಿಲ್ಲ ಎಂದು ತಿಳಿದು, ಸಂಜೆ ಹುಡುಗನನ್ನು ನಮ್ಮ ಮನೆಗೇ ಕರೆಸಿ ಹೇಳಿಕೊಡತೊಡಗಿದೆ. ಅಳುತ್ತ ಕೂತವನಿಗೆ ಒಂದು ದಿನ, “ಅಂಜಬ್ಯಾಡೋ ತಮ್ಮಾ. ನಿನ್ನ ಕೈಲೆ ಆಗದ್ದನ್ನ ದೇವರಿಗೆ ಒಪ್ಪಿಸು” ಎಂದೆ. ಹುಡುಗ ಕಣ್ಣು ಒರೆಸಿಕೊಂಡ. ನನಗೆ ಸಂತೋಷವಾಯಿತು.

ಮರುದಿನ ವರ್ಗದಲ್ಲಿ ಪಾಟಿ ತೋರಿಸಿದ. ಏಳೆಂಟ್ಲೆ ಎಷ್ಟು ಎಂಬುದಕ್ಕೆ ಐವತ್ನಾಲ್ಕು ಎಂದು ಬರೆದಿತ್ತು. ತಪ್ಪು ಹಾಕಲು ಹೋದೆ.

“ಅದನ್ನ ನಾನು ಬರದಿಲ್ಲರೀ” ಎಂದ. “ನಿನ್ನೆ ನಿಮ್ಮ ದೇವರ ಜಗಲಿ ಮ್ಯಾಲೆ ಪಾಟಿ ಇಟ್ಟು ಹೋಗಿದ್ದೆ. ಮುಂಜಾನೆ ಬಂದು ನೋಡಿದ್ರ ದೇವರ ಬರದಿದ್ದ.” ಆಮೇಲೆ ದನಿ ತಗ್ಗಿಸಿ ಕೇಳಿದ: “ದೇವರಿಗೂ ಮಗ್ಗಿ ಬರಂಗಿಲ್ಲೇನ್ರಿ?”

ಪರಶಿವನ ಉತ್ತರಕ್ಕೆ ತಪ್ಪು ಹಾಕುವುದೇ? ಹಾಕದೆ ಬಿಟ್ಟರೆ ವರ್ಗದ ಗತಿಯೇನು? ಮಧ್ಯಾಹ್ನ ಮನೆಗೆ ಓಡಿಹೋಗಿ ಹೆಂಡತಿಯನ್ನು ಕೇಳಿದೆ.

“ಅಯ್ಯ, ಪೂಜಿಗೆ ಕುಂತಾಗ ಅರ್ಧಾ ಮಾಡಿ ಬಿಟ್ಟೀರಿ ಅಂತ ತಿಳದು ನಾನ ಮುಗಿಸಿದ್ನೆರೀ. ಯಾಕ, ತಪ್ಪಾತೇನು?”

ಆಕೆಗೆ ಮಗ್ಗಿ ಕಲಿಸಿದವನು ನಾನೇ.

ಹೊಟ್ಟೆನೋವು

ಅಳುವ ಕಾಲ ಮುಗಿದು ಸುಳ್ಳಿನ ಕಾಲ ಬಂತು. ಲೆಕ್ಕದ ತಾಸು ಶುರುವಾಗುವುದಕ್ಕೂ ಅವನ ಹೊಟ್ಟೆ ನೋಯುವುದಕ್ಕೂ ಸರಿಹೋಗುತ್ತಿತ್ತು. ನಾನು ಬೆತ್ತ ಮುಟ್ಟಲಿಲ್ಲ. ಹಣೆಗೆ ವಿಭೂತಿ ಹಚ್ಚಿ, “ಇನ್ನ ಮ್ಯಾಲೆ ಯಾರು ಏನು ಕೇಳಿದ್ರೂ ಖರೇನ ಹೇಳಬೇಕು. ಖರೇ ಹೇಳಿದಾವನ್ನ ಶಿವ ಕೈ ಬಿಡಂಗಿಲ್ಲ” ಎಂದೆ. ಹುಡುಗ ಆಣೆ ಮಾಡಿದ.

ಅದೇ ಮಧ್ಯಾಹ್ನ ಹೆಡ್ ಮಾಸ್ತರರು ಬಾಗಿಲಲ್ಲಿ ಬಂದು ನಿಂತು, “ಏನು ನಡದೈತಿ?” ಎಂದರು.

“ನಾವು ಮಗ್ಗಿ ಬರಿಯಾಕತ್ತೇವ್ರಿ” ಎಂದ ನಮ್ಮ ಹುಡುಗ. “ಮಾಸ್ತರು ಈಗಷ್ಟ ಎದ್ದಾರ್ರಿ.”

ನನಗೆ ನೆಲ ಬಿರಿದರೆ ಸಾಕೆನಿಸಿತು. “ಕಣ್ಣು ಮುಚ್ಚಿ ಜಪಾ ಮಾಡಾಕತ್ತಿದ್ನಿರೀ” ಎಂದೆ.

“ಹೌದ್ರಿ” ಎಂದ ಹುಡುಗ ಭಕ್ತಿಯಿಂದ. “ನಡನಡುವ ಗೊರಕೀನೂ ಬಂತ್ರಿ.”

ತಪಾಸಣೆ

ವರ್ಷದ ಕೊನೆಗೆ ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುವವರಿದ್ದರು. ಯಾರು ಪಾಸು, ಯಾರು ನಪಾಸು ಎಂಬುದು ಅವರ ಬಾಯಲ್ಲಿ. ಆ ವರ್ಷ ಜ್ವರದ ಹಾವಳಿಯಿಂದ ಹುಡುಗರು ಕಡಿಮೆಯಾಗಿದ್ದರು. ವರ್ಗ ತುಂಬಿದಂತೆ ಕಾಣಲೆಂದು ಹೆಡ್ ಮಾಸ್ತರರು ತಮ್ಮ ಬೀಗರ ಊರಾದ ಶಿರಗುಪ್ಪಿಯಿಂದ ಏಳು ಹುಡುಗರನ್ನು ಎತ್ತಿನ ಚಕ್ಕಡಿಯಲ್ಲಿ ತಂದು ನನ್ನ ವರ್ಗದ ಹಿಂದಿನ ಸಾಲಿನಲ್ಲಿ ಕೂಡಿಸಿದರು.

“ಇದು ಪಾಪರೀ” ಎಂದೆ.

“ನೀವು ಕಣ್ಣು ಮುಚ್ಚಿ ಜಪಾ ಮಾಡ್ರಿ. ನಿಮಗ ರೂಢಿ ಐತೆಲ್ಲ” ಎಂದರು.

ಸಾಹೇಬರು ಬಂದರು. ಅರಳೆ ಅಂಗಡಿಯವರ ಮಗನನ್ನೇ ಮುಂದೆ ಕರೆದರು. ನಾನು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡೆ.

“ವರ್ಗದಾಗ ಎಷ್ಟ ಮಂದಿ ಇದ್ದೀರಿ? ಎಣಿಸು.”

ಹುಡುಗ ಒಂದೊಂದೇ ತಲೆ ಮುಟ್ಟಿ ಎಣಿಸಿದ. “ಮೂವತ್ತೆಂಟ್ರಿ.”

“ಶಾಭಾಸ್! ಈಗ ಇದರಾಗ ಕಳಿಯೋ ಲೆಕ್ಕ ಒಂದು ನೀನ ಹಾಕಿ ಮಾಡು, ನೋಡೋಣು.”

ಹುಡುಗ ಸ್ವಲ್ಪ ಹೊತ್ತು ಛಾವಣಿ ನೋಡಿದ. ಆಮೇಲೆ ಕೈಕಟ್ಟಿ ಗಟ್ಟಿಯಾಗಿ ಹೇಳಿದ: “ಮೂವತ್ತೆಂಟು ಮಂದ್ಯಾಗ ಏಳು ಮಂದಿ ಸಂಜೀಕ ಶಿರಗುಪ್ಪಿ ಚಕ್ಕಡಿ ಹತ್ತಿ ಹೊಳ್ಳಿ ಹೋದ್ರ, ನಾಳೆ ಉಳಿಯೋರು ಮೂವತ್ತೊಂದ್ರಿ.”

“ಯಾವ ಏಳು ಮಂದಿ?” ಎಂದರು ಸಾಹೇಬರು. ಹುಡುಗ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಪುಟ್ಟವನು ಎದ್ದು, “ನಾವರೀ. ಜಿಲೇಬಿ ಯಾವಾಗ ಕೊಡತಾರ್ರಿ?” ಎಂದ.

ಸಾಹೇಬರು ನನ್ನ ಕಡೆ ತಿರುಗಿ, “ಲೆಕ್ಕ ಬರೋಬ್ಬರಿ ಐತಿ. ಹುಡುಗ ಪಾಸು” ಎಂದರು. ಹೆಡ್ ಮಾಸ್ತರರ ಕಡೆ ತಿರುಗಿ, “ನಿಮ್ಮ ಪರೀಕ್ಷಾ ಒಳಗ ಖೋಲ್ಯಾಗ ತಗೋತೇನಿ, ಬರ್ರಿ” ಎಂದರು.

ಸಂಜೆ ನಾನೇ ಅರಳೆ ಅಂಗಡಿಗೆ ಹೋದೆ. ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಆಳೊಬ್ಬ ಅರಳೆಯ ರಾಶಿಗೆ ಕೊಡದಿಂದ ನೀರು ಚಿಮುಕಿಸುತ್ತಿದ್ದ, ತೂಕ ಬರಲಿ ಎಂದು. ನನ್ನನ್ನು ಕಂಡು ಕೊಡ ಬೆನ್ನ ಹಿಂದೆ ಹಿಡಿದ. ನಾನು ನೋಡದಂತೆ ಮಾಡಿ ಹುಡುಗನ ತಂದೆಗೆ ಕೈಮುಗಿದೆ. “ಶಿವ ನಡಿಸಿಕೊಟ್ಟ, ಪಾಸಾದ. ಇನ್ನ ಸಾಲಿ ಬಿಡಸಬ್ಯಾಡ್ರಿ.”

“ಬಿಡಸೂದ?” ಅವರು ಗಾಬರಿಯಿಂದ ನನ್ನ ಎರಡೂ ಕೈ ಹಿಡಿದುಕೊಂಡರು. “ಅವನ್ನ ಇಲ್ಲಿ ಕೂಡಿಸಿ, ಗಿರಾಕಿ ಬಂದು ಅರಳಿ ಹ್ಯಾಂಗೈತಿ ಅಂತ ಕೇಳಿದ್ರ ನನ್ನ ಗತಿ ಏನ್ರೀ ಮಾಸ್ತರ? ನಿಮ್ಮ ಕಾಲಿಗೆ ಬೀಳತೇನಿ, ಅವ ಸಾಲ್ಯಾಗ ಇರ್ಲಿ. ಎಷ್ಟ ಇಯತ್ತೆ ಅದಾವೋ ಅಷ್ಟೂ ಕಲಿಸ್ರಿ. ಮುಗದ್ರ ಹೊಸಾವು ತಗಿಸ್ರಿ!”