ಕಂಬದ ಮುಂದಿನ ಗುಂಡಿ

ನೆಲದಡಿಯ ಪಟ್ಟಣದಲ್ಲಿ ಯಾರು ನೆಲಗುಳ್ಳರು, ಯಾರು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಅಳತೆ ಇಲಾಖೆಯ ಕಲ್ಲುಕಂಬಕ್ಕೆ ಮಾತ್ರ ಇದೆ. ಕಂಬದ ಮೇಲೆ ಎರಡು ಗೆರೆಗಳಿವೆ. ಕೆಳಗಿನ ಗೆರೆಗೆ ಯಾರ ತಲೆ ಮುಟ್ಟುವುದಿಲ್ಲವೋ ಅವರು ಮಕ್ಕಳು. ಮೇಲಿನ ಗೆರೆಯನ್ನು ದಾಟಿದವರು ಮನುಷ್ಯರು. ಅವರು ಸಾಮಾನು ಕಟ್ಟಿಕೊಂಡು ನೆಲದ ಮೇಲಕ್ಕೆ, ಬಿಸಿಲಿರುವ ಕಡೆಗೆ ಹೋಗತಕ್ಕದ್ದು. ನಡುವೆ ಇರುವವರೆಲ್ಲ ನೆಲಗುಳ್ಳರು. ವರ್ಷಕ್ಕೊಮ್ಮೆ ಎಲ್ಲರೂ ಚೂಪು ಟೊಪ್ಪಿಗೆ ಕಳಚಿ, ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಈ ಏರ್ಪಾಟಿನ ಬಗ್ಗೆ ಯಾರೂ ದೂರಿದ್ದಿಲ್ಲ. ದೂರುವಷ್ಟು ಎತ್ತರ ಬೆಳೆದವರು ಊರಿನಲ್ಲಿ ಉಳಿಯುತ್ತಿರಲಿಲ್ಲ.

ಕಮ್ಮಾರನ ಕುಲುಮೆಗೆ ಗಾಳಿಯೂದುವ ತಿದಿ ಹೊಲಿಯುವವಳ ಮಗಳು ಬೆಳೆಯುತ್ತಿರುವುದು ಎಲ್ಲರ ಗಮನಕ್ಕೆ ಬಂದಿತ್ತು. ಅವಳು ಬೀದಿದೀಪಗಳ ಗಾಜು ಒರೆಸುವ ಕೆಲಸದವಳು. ಜೊತೆಯವರು ಏಣಿ ಹೊತ್ತು ತಿರುಗುತ್ತಿದ್ದರೆ ಇವಳು ಕೈ ಚಾಚಿ ಒರೆಸಿ ಮುಂದಕ್ಕೆ ಹೋಗುತ್ತಿದ್ದಳು. ಆದ್ದರಿಂದ ಅವಳನ್ನೇ ಏಣಿ ಎಂದು ಕರೆಯುತ್ತಿದ್ದರು. ಅಳತೆ ಅಧಿಕಾರಿ ಅವಳ ಸೋದರಮಾವ. ಮದುವೆಯಾಗಿರಲಿಲ್ಲ, ಊಟ ಅಕ್ಕನ ಮನೆಯಲ್ಲಿ. ಹಿಂದಿನ ವರ್ಷ ಏಣಿಯ ತಲೆ ಮೇಲಿನ ಗೆರೆಯ ಹತ್ತಿರ ಬಂದಾಗಲೇ ಆತ ಇಲಾಖೆಯ ವತಿಯಿಂದ ಅಕ್ಕನಿಗೆ ಆದೇಶ ಹೊರಡಿಸಿದ್ದ: 'ಸದರಿ ಮಗಳಿಗೆ ಬೇಯಿಸಿದ ಗೆಡ್ಡೆಯನ್ನು ಅರ್ಧ ಮಾತ್ರ ಬಡಿಸತಕ್ಕದ್ದು.' ಅಕ್ಕ ಪಾಲಿಸಿದಳು. ಮಗಳು ಅರ್ಧ ಗೆಡ್ಡೆ ತಿಂದು, ಹಸಿದುಕೊಂಡೇ ಬೆಳೆದಳು. ಉಳಿದರ್ಧ ಅಧಿಕಾರಿಯ ತಟ್ಟೆಗೆ ಬೀಳುತ್ತಿತ್ತು.

ಈ ವರ್ಷ ಗೆರೆ ಅವಳ ಹಣೆಯ ನಡುವಿಗೆ ಬಂತು. ಮಂಡಿ ಸ್ವಲ್ಪ ಬಗ್ಗಿಸಿ ನೋಡಿದಳು. ಇಲಾಖೆ ಮಂಡಿಯನ್ನೂ ಗಮನಿಸುತ್ತಿತ್ತು. ಅಧಿಕಾರಿ ಗಂಟಲು ಸರಿಮಾಡಿಕೊಂಡು, ಅವಳು ಮನುಷ್ಯಳೆಂದೂ, ದೀಪ ಒರೆಸುವ ಬಟ್ಟೆಯನ್ನು ಒಗೆದು ಹಿಂದಿರುಗಿಸಿ ವಾರದೊಳಗೆ ಮೇಲಕ್ಕೆ ಹೋಗಬೇಕೆಂದೂ ತಿಳಿಸಿದ. ಏಣಿ ಬಿಸಿಲನ್ನು ಕಂಡವಳಲ್ಲ. ಹೋದವರು ಯಾರೂ ಮರಳಿ ಬಂದು ಅದು ಹೇಗಿರುತ್ತದೆ ಎಂದು ಹೇಳಿದ್ದಿಲ್ಲ.

ಆ ಸಂಜೆ ಅಕ್ಕ ತಮ್ಮನ ಮುಂದೆ ಖಾಲಿ ತಟ್ಟೆ ಇಟ್ಟಳು.

"ನಿಯಮದ ಮುಂದೆ ನೀನೂ ಒಂದೇ, ಊರಿನವ್ರೂ ಒಂದೇ, ಅಕ್ಕ."

"ಹಾಗಾದ್ರೆ ಊರಿನವ್ರ ಮನೇಲಿ ಊಟ ಮಾಡು."

ಆತ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕಂಬವನ್ನು ಅಲುಗಾಡಿಸುವಂತಿಲ್ಲ, ಗೆರೆಯನ್ನು ತಿದ್ದುವಂತಿಲ್ಲ ಎಂದ. ಹುಡುಗಿಯನ್ನು ಕತ್ತರಿಸುವಂತೆಯೂ ಇಲ್ಲ ಎಂದಳು ಅಕ್ಕ.

"ನೆಲದ ಬಗ್ಗೆ ನಿಯಮ ಏನನ್ನತ್ತೆ, ಮಾವ?" ಎಂದು ಏಣಿ ಮೂಲೆಯಿಂದ ಕೇಳಿದಳು.

ನೆಲದ ಬಗ್ಗೆ ನಿಯಮ ಏನನ್ನೂ ಹೇಳುತ್ತಿರಲಿಲ್ಲ. ನೆಲಗುಳ್ಳರಲ್ಲಿ ಅಗೆಯಲು ಯಾರ ಅನುಮತಿಯೂ ಬೇಡ. ಅಗೆಯದೆ ಸುಮ್ಮನೆ ಕೂರುವುದಕ್ಕೆ ಮಾತ್ರ ವೈದ್ಯರ ಚೀಟಿ ಬೇಕು. ಮರುದಿನ ಕಂಬದ ಬುಡದಲ್ಲಿ ಒಂದು ಗುಂಡಿ ತೆಗೆಯಲಾಯಿತು. ಏಣಿ ಅದರಲ್ಲಿ ಇಳಿದು ನಿಂತಳು. ನೆತ್ತಿ ಮೇಲಿನ ಗೆರೆಗಿಂತ ಕೆಳಗೆ ಬಂತು. ಅವಳು ನೆಲಗುಳ್ಳಿಯೇ ಎಂದು ಇಲಾಖೆ ಘೋಷಿಸಿತು, ತಟ್ಟೆಗೆ ಗೆಡ್ಡೆ ಬಿತ್ತು.

ನೆಲಗುಳ್ಳರ ಒಂದು ಗುಣವನ್ನು ಇಲ್ಲಿ ಹೇಳಬೇಕು. ಬೇರೆಯವರು ತೆಗೆದ ಗುಂಡಿಯನ್ನು ಕಂಡರೆ ಅದನ್ನು ಹಾಗೇ ಬಿಟ್ಟು ಹೋಗಲು ಅವರಿಗೆ ಮನಸ್ಸು ಬರುವುದಿಲ್ಲ. ಆ ದಾರಿಯಾಗಿ ಬಂದ ಕಮ್ಮಾರ, ಅಂಚು ಸೊಟ್ಟಗಿದೆ ಎಂದು ಸರಿಮಾಡಿದ. ಅಂಚು ಸರಿಯಾದ ಮೇಲೆ ತಳ ಏರುಪೇರಾಗಿ ಕಂಡದ್ದರಿಂದ ಗಡಿಯಾರ ರಿಪೇರಿಯವನು ತಳವನ್ನು ಸಮ ಮಾಡಿದ. ಇಷ್ಟು ಚೆಂದದ ಗುಂಡಿಗೆ ಆಳ ಸಾಲದು ಎಂದು ಸೂಲಗಿತ್ತಿಗೆ ಅನ್ನಿಸಿತು. ಊರಿನವರು ಅಳತೆಗೆ ಸಾಲಾಗಿ ಬರುವ ಹೊತ್ತಿಗೆ ಗುಂಡಿಯ ಆಳ ಮಂಡಿಯ ಮೇಲಕ್ಕೆ ಬಂದಿತ್ತು. ಒಬ್ಬೊಬ್ಬರೇ ಇಳಿದರು. ಒಬ್ಬರ ತಲೆಯೂ ಕೆಳಗಿನ ಗೆರೆಗೆ ಮುಟ್ಟಲಿಲ್ಲ. ಅನುಮಾನ ಬೇಡವೆಂದು ಏಣಿಯನ್ನು ಇನ್ನೊಮ್ಮೆ ನಿಲ್ಲಿಸಿದರು. ಅವಳ ತಲೆ ಮಾತ್ರ ಆ ಕೆಳಗಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು.

ಕೂಡಲೇ ಪ್ರಕಟಣೆ ಹೊರಬಿತ್ತು: 'ಒಬ್ಬಳನ್ನು ಹೊರತುಪಡಿಸಿ ಪಟ್ಟಣದ ಸಮಸ್ತ ನಿವಾಸಿಗಳೂ ಮಕ್ಕಳೆಂದು ತಿಳಿಸಲು ಇಲಾಖೆ ಹರ್ಷಿಸುತ್ತದೆ.' ಕೆಳಗೆ ಅಧಿಕಾರಿಯ ಸಹಿ ಇರಲಿಲ್ಲ. ಆತನೂ ಗುಂಡಿಗೆ ಇಳಿದಿದ್ದ. ಮಕ್ಕಳ ಸಹಿ ಊರ್ಜಿತವಲ್ಲ.

ಗುಂಡಿಯನ್ನು ಮುಚ್ಚಬಹುದಿತ್ತಲ್ಲ ಎಂದು ತಿಳಿಯದವರು ಕೇಳಬಹುದು. ನೆಲಗುಳ್ಳರು ಅಗೆದದ್ದನ್ನು ಮುಚ್ಚುವುದು ಒಳಗೆ ಹೆಣವಿದ್ದಾಗ ಮಾತ್ರ. ಈ ಕುರಿತು ಸಭೆ ಸೇರಿತು. ಎಲ್ಲರೂ ಸ್ವಲ್ಪ ಹೊತ್ತು ಊರಿನ ಅತಿ ಹಿರಿಯ ಮುದುಕನ ಕಡೆಗೆ ಪ್ರೀತಿಯಿಂದ ನೋಡಿದರು.

"ನನ್ನನ್ಯಾಕ್ರಪ್ಪ ನೋಡ್ತೀರಿ? ನಾನಿನ್ನೂ ಮಗು," ಎಂದು ಆತ ಎದ್ದು ಹೋದ.

ಹೀಗೆ ಏಣಿ ಇಡೀ ಪಟ್ಟಣದ ಪೋಷಕಿಯಾದಳು. ದೀಪ ಒರೆಸಿ ಬಂದ ಮೇಲೆ ಇಲಾಖೆಯ ಮೆಟ್ಟಿಲ ಮೇಲೆ ಕೂತು ಸಹಿ ಹಾಕುತ್ತಿದ್ದಳು. ಬೆಂಕಿಯ ಹತ್ತಿರ ಹೋಗಲು ಕಮ್ಮಾರನಿಗೆ ಅವಳ ಒಪ್ಪಿಗೆ ಬೇಕು. ಕತ್ತರಿ ಹಿಡಿಯಲು ಸೂಲಗಿತ್ತಿಗೆ. ನ್ಯಾಯಾಧೀಶ ತನ್ನ ತೀರ್ಪನ್ನು ಮೊದಲು ಅವಳಿಗೆ ಓದಿ ಒಪ್ಪಿಸಬೇಕಾಗಿತ್ತು. ಒಮ್ಮೆ ಅವಳು, ಇನ್ನೊಂದು ಸಲ ಯೋಚನೆ ಮಾಡಿ ಬನ್ನಿ ಎಂದು ಕಳಿಸಿದಳು. ಆತ ಯೋಚನೆ ಮಾಡಿದ್ದು ಅದೇ ಮೊದಲು. ಮಕ್ಕಳಿಗೆ ತೆರಿಗೆ ಇಲ್ಲ, ಮಧ್ಯಾಹ್ನದ ನಿದ್ದೆ ಕಡ್ಡಾಯ ಎಂದು ಗೊತ್ತಾದ ಮೇಲೆ ಹಿಂದಿನ ಸ್ಥಿತಿಗೆ ಮರಳುವ ಮಾತನ್ನು ಯಾರೂ ಎತ್ತಲಿಲ್ಲ. ಅನೇಕ ಮಕ್ಕಳಿಗೆ ಗಡ್ಡ ನರೆತಿದ್ದದ್ದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲ.

ಉಳಿದದ್ದು ಒಂದೇ ಚಿಂತೆ. ಗುಂಡಿಯನ್ನು ಯಾರೂ ಸುಮ್ಮನೆ ಬಿಟ್ಟಿರಲಿಲ್ಲ. ಕೆಲಸಕ್ಕೆ ಹೋಗುವವರು ನಾಲ್ಕು ಏಟು ಗುದ್ದಲಿ ಹಾಕಿಯೇ ಹೋಗುತ್ತಿದ್ದರು. ಹೀಗಾದರೆ ಮುಂದಿನ ವರ್ಷ ಏಣಿಯ ತಲೆಯೂ ಕೆಳಗಿನ ಗೆರೆಗೆ ಮುಟ್ಟದೆ, ಊರಿನಲ್ಲಿ ದೊಡ್ಡವರು ಎನ್ನುವವರೇ ಇರುವುದಿಲ್ಲ ಎಂಬುದು ಅಧಿಕಾರಿಗೆ ಹೊಳೆಯಿತು. ಅಗೆಯುವುದನ್ನು ನಿಲ್ಲಿಸಬಹುದು ಎಂಬುದು ಆತನಿಗಾಗಲಿ ಬೇರೆಯವರಿಗಾಗಲಿ ಹೊಳೆಯಲಿಲ್ಲ. ಏಣಿಯದೇ ಸಹಿಯೊಂದಿಗೆ ಹೊಸ ಆದೇಶ ಹೊರಟಿತು: 'ಸದರಿ ಮಗಳಿಗೆ ಗೆಡ್ಡೆಯನ್ನು ಎರಡು ಪಾಲು ಬಡಿಸತಕ್ಕದ್ದು. ಅವಳು ಬೆಳೆಯತಕ್ಕದ್ದು.'

ಅಕ್ಕ ಅದನ್ನು ತಮ್ಮನ ಬಾಯಿಂದ ಎರಡು ಸಲ ಓದಿಸಿ ಕೇಳಿದಳು.

"ಅರ್ಧ ಹಾಕು ಅಂದೋನೂ ನೀನೇ ಅಲ್ವೇನೋ?"

"ಆಗ ನಾನು ದೊಡ್ಡವನಾಗಿದ್ದೆ, ಅಕ್ಕ. ತಿಳಿವಳಿಕೆ ಇರ್ಲಿಲ್ಲ."

ಆಕೆ ಮಗಳ ತಟ್ಟೆ ತುಂಬ ಬಡಿಸಿದಳು. ಅಧಿಕಾರಿ ತನ್ನ ತಟ್ಟೆಯಿಂದಲೂ ಒಂದು ಗೆಡ್ಡೆ ಎತ್ತಿ ಸೋದರಸೊಸೆಯ ತಟ್ಟೆಗೆ ಇಡಲು ಹೋದ.

"ಕೈ ತೊಳ್ಕೊಂಡ್ರಾ, ಮಾವ?" ಎಂದಳು ಏಣಿ.

ಆತ ಎದ್ದು ಹೋಗಿ ತೊಳೆದುಕೊಂಡು ಬಂದ.