ಸ್ವಲ್ಪ ಜೋರಾಗಿ ಹೇಳಿ

ಅಮೆರಿಕದ ಪ್ರಜಾಪ್ರಭುತ್ವ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ಕಾರಣ ನಮ್ಮ ಸೋದರತ್ತೆ. ನಗಬೇಡಿ! ಇದು ನನ್ನ ಮಾತಲ್ಲ, ಅವರದೇ ಮಾತು. ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ, ಒಂದು ಎಲಿಮೆಂಟರಿ ಸ್ಕೂಲಿನ ಜಿಮ್‌ನಲ್ಲಿ, ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ ಮಡಚುವ ಮೇಜು ಹಾಕಿಕೊಂಡು ಅವರು ಆ ಕೆಲಸ ಮಾಡುತ್ತಾರೆ. ಅವರು ಎಲೆಕ್ಷನ್ ಜಡ್ಜ್. ಅಂದರೆ ಓಟು ಹಾಕಲು ಬಂದವರ ಹೆಸರು ಕೇಳಿ, ಸಹಿ ತಾಳೆ ನೋಡಿ, ಬ್ಯಾಲೆಟ್ ಕೊಡುವವರು. ನಮ್ಮೂರಿನಲ್ಲಾದರೆ ಇದು ಸ್ಕೂಲ್ ಮೇಷ್ಟ್ರುಗಳು ಗೊಣಗಿಕೊಂಡು ಮಾಡುವ ಡ್ಯೂಟಿ. ಆದರೆ ಅತ್ತೆ ಮೈಸೂರಿಗೆ ಫೋನ್ ಮಾಡಿ "ನನ್ನನ್ನ ಜಡ್ಜ್ ಮಾಡಿದಾರೆ" ಅಂತ ಅಷ್ಟಕ್ಕೇ ನಿಲ್ಲಿಸಿದ್ದರಿಂದ, ನೆಂಟರೊಬ್ಬರು ತಮ್ಮ ಸೈಟಿನ ಕೇಸು ಯಾಕೆ ಮುಂದಕ್ಕೆ ಹೋಗುತ್ತಿಲ್ಲ ಅಂತ ಅವರನ್ನೇ ಕೇಳಿದ್ದರು.

ಚುನಾವಣೆಯ ದಿನಕ್ಕೆ ಅತ್ತೆಗೆ ಒಂದು ಪ್ರತ್ಯೇಕ ಸೀರೆ ಇದೆ. ಈ ದೇಶದಲ್ಲಿ ಒಂದು ಪಕ್ಷದ್ದು ಕೆಂಪು, ಇನ್ನೊಂದರದ್ದು ನೀಲಿ. ಮತಗಟ್ಟೆಯೊಳಗೆ ಯಾವ ಪಕ್ಷದ ಪ್ರಚಾರವೂ ಕೂಡದು. ಹಾಗಾಗಿ ಎರಡೂ ಬಣ್ಣ ಇಲ್ಲದ ಸೀರೆ ಬೇಕು, ಅಂಚಿನಲ್ಲೂ ಇರಬಾರದು, ಸೆರಗಿನಲ್ಲೂ ಇರಬಾರದು! ಬೀರುವಿನಲ್ಲಿದ್ದ ಎಲ್ಲ ಸೀರೆಗಳೂ ಅನರ್ಹಗೊಂಡು ಕೊನೆಗೆ ಒಂದು ಸಾಸಿವೆ ಬಣ್ಣದ ಕಾಟನ್ ಸೀರೆ ಆಯ್ಕೆಯಾಯಿತು. ಉಡುವಾಗ ಕನ್ನಡಿ ನೋಡಿಕೊಂಡು ಅತ್ತೆ ಗಾಬರಿಯಾದರು.

"ಅಯ್ಯೋ, ಹಣೆ ಮೇಲೆ ಕೆಂಪು ಕುಂಕುಮ ಇದೆಯಲ್ಲೇ!"

ಅರ್ಧ ಗಂಟೆ ಯೋಚಿಸಿ ಎರಡು ಕೈಗೂ ನೀಲಿ ಗಾಜಿನ ಬಳೆ ತೊಟ್ಟರು. ಈಗ ಎರಡು ಪಕ್ಷಕ್ಕೂ ಸರಿಹೋಯಿತಂತೆ.

ಜಡ್ಜಾದ ಮೇಲೆ ಅವರ ಅಡುಗೆಮನೆಯಲ್ಲೂ ಕಾನೂನು ಬಂತು. ಇಲಿನಾಯ್‌ನಲ್ಲಿ ಪ್ರೈಮರಿ ಚುನಾವಣೆ ಅಂದರೆ ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆ. ಓಟುದಾರರು ಜಡ್ಜ್ ಮುಂದೆ ನಿಂತು ಹೆಸರು ಹೇಳಬೇಕು, ವಿಳಾಸ ಹೇಳಬೇಕು, ಆಮೇಲೆ ಯಾವ ಪಕ್ಷದ ಬ್ಯಾಲೆಟ್ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಜಡ್ಜ್ ಓಟುದಾರರ ಹೆಸರನ್ನು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಕೂಗಬೇಕು. ಒಂದು ಪಕ್ಷದ ಬ್ಯಾಲೆಟ್ ತೆಗೆದುಕೊಂಡರೆ ಇನ್ನೊಂದರ ಕಡೆ ನೋಡುವ ಹಾಗಿಲ್ಲ. ಭಾನುವಾರ ದೋಸೆ ಹುಯ್ಯುವಾಗಲೂ ಇದೇ ಕ್ರಮ.

"ಹೆಸರು? ಸಾದಾನೋ ಮಸಾಲೆನೋ? ಜೋರಾಗಿ ಹೇಳು!"

"ಅಜ್ಜಿ, ಐ ಜಸ್ಟ್ ವಾಂಟ್ ದೋಸೆ!" ಅಂತ ಮೊಮ್ಮಗಳು ಅಳುಮುಖ ಮಾಡುತ್ತಾಳೆ. ಮಾವ ಒಮ್ಮೆ ಸಾದಾ ಅಂದು, ಆಲೂಗಡ್ಡೆ ಪಲ್ಯದ ವಾಸನೆ ಬಂದ ಮೇಲೆ ಮಸಾಲೆ ಅಂದರು. ಅತ್ತೆ ಕೊಡಲಿಲ್ಲ. ಪಕ್ಷಾಂತರವನ್ನು ಅವರು ಮನೆಯೊಳಗೂ ಸಹಿಸುವುದಿಲ್ಲ.

ನನಗಂತೂ ಓಟೇ ಇಲ್ಲ. ನಾನು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ವರ್ಕ್ ವೀಸಾದ ಮೇಲೆ ಕಂಪ್ಯೂಟರ್ ಕುಟ್ಟುವವಳು. ಗ್ರೀನ್ ಕಾರ್ಡಿನ ಕ್ಯೂನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ನನಗೂ ಯಾರಾದರೂ ಆಂಟಿ ಅನ್ನದೆ ಅಜ್ಜಿ ಅನ್ನುತ್ತಿರುತ್ತಾರೆ. ಆದರೂ ಅತ್ತೆ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಾರೆ. "ಪಿಸುಗುಟ್ಟಬಾರದು ಕಣೇ. ನಿನ್ನ ಹೆಸರು, ನಿನ್ನ ಪಕ್ಷ. ನಾಚಿಕೆ ಏನು?"

ಇಷ್ಟು ಧೈರ್ಯದ ಅತ್ತೆ ಮೊದಲ ಇಪ್ಪತ್ತು ವರ್ಷ ಬಾಯಿಯನ್ನೇ ಬಿಟ್ಟಿರಲಿಲ್ಲ ಅಂದರೆ ನಂಬುತ್ತೀರಾ? ಮತಗಟ್ಟೆಗೆ ಮಾವನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಮಾವ ಪಕ್ಷದ ಹೆಸರು ಹೇಳಿ, ಹೆಬ್ಬೆರಳಿನಲ್ಲಿ ಹಿಂದಕ್ಕೆ ತೋರಿಸಿ "ಬೋತ್ ಸೇಮ್" ಅನ್ನುತ್ತಿದ್ದರು. ಎರಡು ಕಾಫಿ ಹೇಳಿದ ಹಾಗೆ! ಪಕ್ಷದ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಯುಗಾದಿಗೆ ನಾನು ಎರಡೂ ಕಡೆಯವರ ಮನೆಗೆ ಊಟಕ್ಕೆ ಹೋಗಬೇಕು.

ಅತ್ತೆಯ ಬಾಯಿ ಬಿಡಿಸಿದವರು ಧಾರವಾಡದ ಆಂಟಿ. ಅದೇ ಸಬ್‌ಡಿವಿಷನ್‌ನಲ್ಲಿ, ಅಂದರೆ ಬಡಾವಣೆಯಲ್ಲಿ, ಮೂರು ಮನೆ ಆಚೆ ಇರುವವರು. ಹೆಣ್ಣುಮಕ್ಕಳಿಬ್ಬರೂ ಇನ್ನೂ ಸ್ಕೂಲಿನಲ್ಲಿದ್ದಾಗ ಗಂಡ ತೀರಿಕೊಂಡರು. ಆಂಟಿ ಡೆಸ್ ಪ್ಲೇನ್ಸ್‌ನಲ್ಲಿ, ಏರ್‌ಪೋರ್ಟಿನ ಸರಕು ಸಾಗಿಸುವ ಒಂದು ಆಫೀಸಿನಲ್ಲಿ ಎರಡು ಶಿಫ್ಟ್ ದುಡಿದು ಇಬ್ಬರನ್ನೂ ಓದಿಸಿದರು. ಒಂದು ವರ್ಷ ಅವರು ಮತಗಟ್ಟೆಯ ಕ್ಯೂನಲ್ಲಿ ಅತ್ತೆಯ ಹಿಂದೆಯೇ ಇದ್ದರು. ಮಾವನ "ಬೋತ್ ಸೇಮ್" ಕೇಳಿ ಅತ್ತೆಯ ಭುಜ ತಟ್ಟಿದರಂತೆ.

"ಏನ್ರೀ ಇದು? ಬಾಯಿ ನಿಮ್ಮದು, ಹೆಸರು ನಿಮ್ಮದು. ನೀವ ಹೇಳ್ರಿ."

ಅವತ್ತು ಅತ್ತೆ ತಾವೇ ಹೇಳಿದರು. ಹೇಳಿದ್ದು ಮಾವನ ಪಕ್ಷವನ್ನೇ, ಆದರೂ ಮನೆಗೆ ಬಂದು ಪಾಯಸ ಮಾಡಿದರು.

ಅಲ್ಲಿಂದ ಇಬ್ಬರದೂ ಒಂದೇ ಕಾರು. ಅತ್ತೆಗೆ ಲೈಸೆನ್ಸ್ ಇದೆ, ಆದರೆ ಲೈಬ್ರರಿ ದಾಟಿ ಅವರು ಡ್ರೈವ್ ಮಾಡಿದ್ದಿಲ್ಲ, ಇಪ್ಪತ್ತೈದು ಮೈಲಿ ವೇಗ ದಾಟಿದ್ದೂ ಇಲ್ಲ. ದೇವಸ್ಥಾನ, ಇಂಡಿಯನ್ ಅಂಗಡಿ, ಕನ್ನಡ ಸಂಘ, ಎಲ್ಲಿಗಾದರೂ ಆಂಟಿಯೇ ಕರೆದುಕೊಂಡು ಹೋಗಬೇಕು. ಪಕ್ಕದ ಸೀಟಿನಲ್ಲಿ ಕೂತು ಅತ್ತೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇರುತ್ತಿದ್ದರು. "ಮ್ಯಾಟು ಹರದು ಹೋತು, ಕಾಲು ತಗೀರಿ!" ಅಂತ ಆಂಟಿ ಬೈಯುತ್ತಿದ್ದರು. ರಜೆಗೆ ಬಂದಾಗೆಲ್ಲ ನಾನು ಹಿಂದಿನ ಸೀಟಿನಲ್ಲಿ ಕೂತು ಇವರಿಬ್ಬರ ಮಾತು ಕೇಳಿಯೇ ಈ ದೇಶದಲ್ಲಿ ಮನೆಯ ನೆನಪು ಮರೆತವಳು. ಅಥವಾ ಮರೆತೆ ಅಂದುಕೊಂಡವಳು.

ಆಮೇಲೆ ಆ ಪ್ರೈಮರಿ ಬಂತು. ಇವರಿಬ್ಬರ ಪಕ್ಷದಲ್ಲೇ ಒಂದು ಸೀಟಿಗೆ ಒಬ್ಬ ಹೆಂಗಸು ನಿಂತಳು, ನಮ್ಮ ಕಡೆಯ ಹೆಸರಿನ ಒಬ್ಬ ಹುಡುಗನೂ ನಿಂತ. ಅತ್ತೆಯ ಹುಲ್ಲುಹಾಸಿನಲ್ಲಿ ಹೆಂಗಸಿನ ಬೋರ್ಡು, ಆಂಟಿಯ ಹುಲ್ಲುಹಾಸಿನಲ್ಲಿ ಹುಡುಗನ ಬೋರ್ಡು. ದೇವಸ್ಥಾನದ ಪ್ರಸಾದದ ಕ್ಯೂ ಕೂಡ ಎರಡು ಭಾಗವಾಯಿತು! ಚಿತ್ರಾನ್ನ ಬಡಿಸುವವರೂ ಕೇಳುವವರೇ: "ನೀವು ಮೊದಲು ಹೆಂಗಸೋ, ಮೊದಲು ಇಂಡಿಯನ್ನೋ?" ಮಾವನನ್ನು ಯಾರೋ "ಅಂಕಲ್, ನೀವು ಮೊದಲು ಯಾರು?" ಅಂತ ಹಿಡಿದುಕೊಂಡರು. ಮಾವ ತಟ್ಟೆ ನೋಡುತ್ತಾ "ನಾನು ಮೊದಲು ಡಯಾಬಿಟಿಕ್" ಅಂದರು.

ಅದೇ ದಿನ ವಾಪಸು ಬರುವಾಗ ಕಾರಿನಲ್ಲಿ ಹೊತ್ತಿಕೊಂಡಿತು. ಹಿಂದೆ ನಾನಿದ್ದೆ.

"ಹೆಂಗಸಾಗಿ ಹುಟ್ಟಿ ಹೆಂಗಸಿಗೆ ಹಾಕಲ್ಲ ಅಂತೀರಲ್ಲ ರೀ!"

"ನನ್ನ ಮಾತು ಕೇಳ್ರಿ. ಆ ಹುಡುಗನ ಹೆಸರು ಟಿ.ವಿ.ಯವರಿಗೆ ಬಾಯಾಗ ಹೊರಳವಲ್ದು. ನಂದೂ ಹಂಗ. ಇಷ್ಟು ವರ್ಷ ಆಫೀಸಿನಾಗ ಒಬ್ಬರರ ನನ್ನ ಹೆಸರು ನೆಟ್ಟಗ ಅಂದಾರೇನು? ಅದಕ್ಕ ಅವಂಗ ಹಾಕ್ತೀನಿ."

"ಹೆಸರಂತೆ! ನಿಮಗೆ ಹೆಂಗಸರ ಕಷ್ಟ ಏನು ಗೊತ್ತು?"

ಅಂದುಬಿಟ್ಟರು. ಯಾರಿಗೆ ಅಂದರು ನೋಡಿ! ಆಂಟಿ ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು: "ನಿಮಗ ಬಾಯಿ ಬಿಡಲಿಕ್ಕೆ ಕಲಿಸಿದಾಕಿ ನಾನು. ನನ್ನ ಮ್ಯಾಲೇ ಬಿಟ್ರೇನ್ರೀ?"

"ಇಳಿಸಿ ನನ್ನ" ಅಂದರು ಅತ್ತೆ. ಹೆದ್ದಾರಿಯಿಂದ ಎಕ್ಸಿಟ್ ತೆಗೆದುಕೊಂಡು ಒಂದು ಗ್ಯಾಸ್ ಸ್ಟೇಷನ್ನಿನ ಪೆಟ್ರೋಲ್ ಪಂಪುಗಳ ಮುಂದೆ ಆಂಟಿ ಇಳಿಸಿದರು. ನಾನೂ ಇಳಿದೆ. ಮಾವ ಬಂದು ಕರೆದುಕೊಂಡು ಹೋಗುವವರೆಗೆ ಅತ್ತೆ ಏರ್ ಪಂಪಿಗೆ ಬೆನ್ನು ಮಾಡಿ ನಿಂತಿದ್ದರು. ಚುನಾವಣೆಯಲ್ಲಿ ಆ ಹೆಂಗಸೂ ಸೋತಳು, ಆ ಹುಡುಗನೂ ಸೋತ. ಗೆದ್ದವನು ಮೂರನೆಯವನು. ಅವನ ಹೆಸರು ಇಬ್ಬರ ಮನೆಯಲ್ಲೂ ಯಾರಿಗೂ ನೆನಪಿಲ್ಲ.

ಆರು ವರ್ಷ ಇಬ್ಬರೂ ಮಾತಾಡಲಿಲ್ಲ. ಆಂಟಿ ಸಂಘಕ್ಕೆ ಬಂದರೆ ಅತ್ತೆ ಹೋಗುವುದಿಲ್ಲ, ಅತ್ತೆ ಹೋದರೆ ಆಂಟಿ ಬರುವುದಿಲ್ಲ. "ಫೋನ್ ಮಾಡಿ ಅತ್ತೆ, ಒಂದು ಸಾರಿ ತಪ್ಪಾಯ್ತು ಅಂದ್ರೆ ಮುಗೀತು" ಅಂತ ನಾನು ಎಷ್ಟು ಸಲ ಹೇಳಿದೆನೋ! "ಏನಂತ ಶುರು ಮಾಡ್ಲಿ?" ಅನ್ನುತ್ತಿದ್ದರು. ಅಷ್ಟೊಂದು ಜೋರಿನ ಅತ್ತೆಗೆ ಅದೊಂದು ಬಾಯಿಗೆ ಬರಲೇ ಇಲ್ಲ.

ಈ ವರ್ಷದ ಪ್ರೈಮರಿಗೆ ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅತ್ತೆಯನ್ನು ಮತಗಟ್ಟೆಗೆ ಬಿಡುವುದು, ಕರೆತರುವುದು ನನ್ನ ಪಾಲಿಗೆ ಬಂತು. ಸೌತ್‌ಫೀಲ್ಡ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದೆ. ಸಬ್‌ಡಿವಿಷನ್‌ಗೆ ತಿರುಗುತ್ತಲೇ ಕಂಡಿದ್ದು ಧಾರವಾಡದ ಆಂಟಿಯ ಮನೆ. ಚುನಾವಣೆಯ ಬೋರ್ಡು ನಿಲ್ಲುತ್ತಿದ್ದ ಜಾಗದಲ್ಲಿ ಮನೆ ಮಾರಾಟವಾಗಿದೆ ಅನ್ನುವ ಬೋರ್ಡು. ಟೆಕ್ಸಾಸಿನ ಮಗಳ ಮನೆಗೆ ಹೊರಟಿದ್ದಾರಂತೆ. ಅತ್ತೆ ಆ ಬೋರ್ಡಿನ ವಿಷಯ ಎತ್ತಲಿಲ್ಲ. ಸಾಸಿವೆ ಬಣ್ಣದ ಸೀರೆಯನ್ನು ಮಾತ್ರ ಎರಡು ಸಲ ಇಸ್ತ್ರಿ ಮಾಡಿದರು.

ಮಾವನ ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಅವರು ಅಂದರು: "ಅವತ್ತು ಗ್ಯಾಸ್ ಸ್ಟೇಷನ್ ಎದುರು, ರಸ್ತೆ ಆಚೆ, ಆಕೆಯ ಕಾರು ನಿಂತಿತ್ತು ಗೊತ್ತಾ? ನಾನು ಬಂದು ನಿಮ್ಮಿಬ್ಬರನ್ನ ಹತ್ತಿಸಿಕೊಳ್ಳೋವರೆಗೂ ಹೋಗಲಿಲ್ಲ. ನಿಮ್ಮತ್ತೇನೂ ನೋಡಿದಾಳೆ. ಅದಕ್ಕೇ ಆವಾಗಿಂದ ಅವಳಿಗೆ ನಿದ್ದೆ ಸರಿಯಾಗಿಲ್ಲ."

ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಜಿಮ್‌ಗೆ ಹೋದೆ. ಅಂಥ ರಶ್ ಏನೂ ಇರಲಿಲ್ಲ. ಇಲ್ಲಿ ಮತಗಟ್ಟೆಗೆ ಎರಡೂ ಪಕ್ಷಗಳಿಂದ ಜಡ್ಜ್‌ಗಳನ್ನು ಹಾಕುತ್ತಾರೆ. ಬಾಗಿಲ ಬಳಿ ಎದುರು ಪಕ್ಷದ ಜಡ್ಜ್ ಇದ್ದರು, ಬೆಳ್ಳಿಕೂದಲಿನ ಅಮೆರಿಕನ್ ಅಜ್ಜಿ. ಡಬ್ಬಿ ಇಸಿದುಕೊಳ್ಳುತ್ತಾ ಕೇಳಿದರು, ನಿಮ್ಮ ಅತ್ತೆಯ ಕಿವಿ ಡಾಕ್ಟರಿಗೆ ತೋರಿಸಿದ್ದೀರಾ ಅಂತ. "ಯಾಕೆ? ಅವರಿಗೆ ಪಕ್ಕದ ಮನೆಯ ಒಗ್ಗರಣೆ ಚಟಪಟ ಅನ್ನೋದೂ ಕೇಳಿಸುತ್ತೆ" ಅಂದೆ. ಆಕೆ ನಕ್ಕರು. ಎಲ್ಲರ ಹೆಸರೂ ಅವರಿಗೆ ಒಂದೇ ಸಲಕ್ಕೆ ಕೇಳಿಸುತ್ತದಂತೆ. ಒಬ್ಬ ಹೆಂಗಸಿನ ಹೆಸರು ಮಾತ್ರ ಪ್ರತಿ ಚುನಾವಣೆಯಲ್ಲೂ ಎರಡು ಸಲ ಹೇಳಿಸುತ್ತಾರಂತೆ. "ಆಕೆಯೂ ವಿಚಿತ್ರ. ಪಕ್ಕದ ಮೇಜು ಖಾಲಿ ಇದ್ದರೂ ಇವರ ಕ್ಯೂನಲ್ಲೇ ನಿಲ್ಲುತ್ತಾಳೆ. ನೋಡು, ಬಂದಳು."

ತಿರುಗಿದೆ. ಧಾರವಾಡದ ಆಂಟಿ.

ಆಗ ನನ್ನ ಮಂದ ತಲೆಗೆ ಹೊಳೆಯಿತು. ಅತ್ತೆ ಜಡ್ಜ್ ಆಗಿದ್ದು ಯಾವಾಗ? ಆ ಜಗಳವಾದ ವರ್ಷವೇ! ಸ್ಕೂಲ್ ಬೋರ್ಡಿನ ಚಿಲ್ಲರೆ ಚುನಾವಣೆಯನ್ನೂ ಬಿಡದೆ, ಮಂಡಿ ನೋವಿನಲ್ಲಿ, ಹಿಮದಲ್ಲಿ, ನಾಲ್ಕು ಗಂಟೆಗೆ ಎದ್ದು ಹೋಗಿದ್ದು ಯಾವ ಪ್ರಜಾಪ್ರಭುತ್ವಕ್ಕೆ? ಮೂರು ಮನೆ ಆಚೆ ಇರುವ ಒಂದು ದನಿ ಕೇಳುವುದಕ್ಕೆ! ಆ ಮೇಜಿನಲ್ಲಿ ಏನಂತ ಶುರು ಮಾಡಬೇಕು ಅಂತ ಯೋಚಿಸಬೇಕಾಗಿಲ್ಲ, ಕಾನೂನೇ ಶುರು ಮಾಡಿಕೊಡುತ್ತದೆ. ಮತ್ತೆ ಆಂಟಿ? ಮನೆಯಲ್ಲೇ ಕೂತು ಅಂಚೆಯಲ್ಲಿ ಓಟು ಕಳಿಸಬಹುದಾದ ಹೆಂಗಸು ಪ್ರತಿ ಸಲ ಇಲ್ಲಿಗೇ ಬಂದು ನಿಂತಿದ್ದು ಯಾಕೆ?

ಆಂಟಿ ಮೇಜಿನ ಮುಂದೆ ಬಂದರು. ತಮ್ಮ ಪೂರ್ತಿ ಹೆಸರು ಹೇಳಿದರು. ವಿಳಾಸ ಹೇಳಿದರು, ಇನ್ನೊಂದೇ ವಾರ ಅವರದಾಗಿರುವ ವಿಳಾಸ. ಪಕ್ಷ ಹೇಳಿದರು. ಆರು ವರ್ಷದ ಹಿಂದೆ ಇದ್ದದ್ದೇ, ಅತ್ತೆಯದೇ ಪಕ್ಷ! ಇಬ್ಬರೂ ಒಂದೇ ಕಡೆಯವರು, ಮೊದಲಿಂದಲೂ.

ಈಗ ಅತ್ತೆ ಎಂದಿನಂತೆ "ಲೌಡರ್ ಪ್ಲೀಸ್" ಅನ್ನಬೇಕು. ಅನ್ನಲಿಲ್ಲ. ತಲೆ ಬಗ್ಗಿಸಿ ನೀಲಿ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಾ ಕೂತರು. ಆಂಟಿ ಮೇಜಿನ ಮೇಲೆ ಬಾಗಿದರು.

"ಕೇಳಿಸಲಿಲ್ಲೇನ್ರೀ?"

ಅತ್ತೆ ಇಲ್ಲ ಅನ್ನುವಂತೆ ತಲೆಯಾಡಿಸಿದರು. ಆಂಟಿ ಇನ್ನೊಂದು ಸಲ, ಇಡೀ ಜಿಮ್ ತಿರುಗಿ ನೋಡುವ ಹಾಗೆ, ತಮ್ಮ ಹೆಸರು ಹೇಳಿದರು. ಅತ್ತೆ ಎದ್ದು ನಿಂತು ಅದೇ ಹೆಸರನ್ನು ತಿರುಗಿ ಕೂಗಿದರು. ಒಂದು ಅಕ್ಷರವೂ ಮುಕ್ಕಾಗದ ಹಾಗೆ, ಧಾರವಾಡದಲ್ಲಿ ಅವರ ಅವ್ವ ಕೂಗುತ್ತಿದ್ದಿರಬಹುದಾದ ಹಾಗೆ. ಆಂಟಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಬ್ಯಾಲೆಟ್ ಇಸಿದುಕೊಂಡರು, ಓಟು ಹಾಕಿದರು, ಹೋದರು. ಆ ಒಂದು "ಕೇಳಿಸಲಿಲ್ಲೇನ್ರೀ" ಬಿಟ್ಟರೆ ಕಾನೂನಿನಲ್ಲಿ ಇಲ್ಲದ ಮಾತು ಇಬ್ಬರೂ ಒಂದೂ ಆಡಲಿಲ್ಲ.

ನಾನು ಮೂಗು ಒರೆಸಿಕೊಂಡು ಹೊರಗೆ ಬಂದೆ. ಪ್ರಚಾರಕ್ಕೆ ಗಡಿ ಅಂತ ಇಟ್ಟ ಪ್ಲಾಸ್ಟಿಕ್ ಕೋನ್‌ಗಳ ಆಚೆ ಆಂಟಿಯ ಕಾರು ನಿಂತಿತ್ತು. ಪಕ್ಕದ ಸೀಟಿನ ಮೇಲಿದ್ದ ಪೆಟ್ಟಿಗೆ, ಫೈಲುಗಳನ್ನೆಲ್ಲ ಅವರು ಹಿಂದಕ್ಕೆ ಎತ್ತಿ ಹಾಕುತ್ತಿದ್ದರು. ನನ್ನನ್ನು ಕಂಡು ಗಾಜು ಇಳಿಸಿದರು.

"ನಿಮ್ಮತ್ತಿದು ಎಷ್ಟೊತ್ತಿಗೆ ಮುಗೀತದ?"

"ಏಳಕ್ಕೆ ಬಾಗಿಲು ಹಾಕ್ತಾರೆ ಆಂಟಿ. ಈಗಿನ್ನೂ ಮಧ್ಯಾಹ್ನ ಒಂದು ಗಂಟೆ."

"ಇರಲಿ" ಅಂದರು. ಸೀಟು ಕೈಯಲ್ಲಿ ಒಂದು ಸಲ ಒರೆಸಿದರು. "ನೀ ಕರಿಯಾಕ ಬರಬ್ಯಾಡವಾ. ನಾ ಕರಕೊಂಡು ಬರ್ತೀನಿ."