ಮನೆಯಲ್ಲೇ ಮಾಡಿದ ಸ್ನೋ

"ಶಿವಮೊಗ್ಗಕ್ಕೆ ಹೋದಾಗ ನನಗೊಂದು ಸ್ನೋ ಬಾಟ್ಲಿ ತಂದುಕೊಡ್ರಿ. ಈ ಗಾಳಿಗೆ ಮುಖ ಎಲ್ಲ ಒಡೆದುಹೋಗೈತೆ" ಎಂದು ಕಸ್ತೂರಮ್ಮ ಕೇಳಿದ್ದಳು, ಅಷ್ಟೇ. ಬೇರೆ ಯಾವ ಗಂಡನಾದರೂ 'ಆಯ್ತು' ಎಂದು ಹೇಳಿ ಮರೆತುಬಿಡುತ್ತಿದ್ದ. ಆದರೆ ಅವಳ ಗಂಡ ಮುರುಗೇಶಪ್ಪ ನ್ಯಾಮತಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರಿಗೆ ಮರೆಯುವುದಕ್ಕಿಂತ ವಿವರಿಸುವುದು ಸುಲಭ.

"ಸ್ನೋ ಅಂದ್ರೆ ಏನಂತ ತಿಳ್ಕಂಡೀಯ? ಎಣ್ಣೆ ಮತ್ತೆ ನೀರು! ಎರಡೂ ಒಂದಕ್ಕೊಂದು ಕೂಡಲ್ಲ. ಕೂಡಿಸಾಕೆ ಮಧ್ಯಸ್ಥ ಒಬ್ಬ ಬೇಕು. ಸುಣ್ಣದ ತಿಳಿನೀರಿಗೆ ಕೊಬ್ಬರಿ ಎಣ್ಣೆ ಹಾಕಿ ಕುಲುಕಿದ್ರೆ ಎಣ್ಣೆ ಒಂಚೂರು ಸೋಪಾಗ್ತೈತೆ. ಆ ಸೋಪು ಒಂದು ಕೈಲಿ ಎಣ್ಣೆ, ಇನ್ನೊಂದು ಕೈಲಿ ನೀರು ಹಿಡ್ಕಂತೈತೆ. ಅದೇ ಸ್ನೋ! ಅದಕ್ಕೆ ಶಿವಮೊಗ್ಗ ಯಾಕೆ?"

"ನಾನು ಕೇಳಿದ್ದು ಸ್ನೋನ, ಪಾಠ ಅಲ್ಲ" ಎಂದಳು ಕಸ್ತೂರಮ್ಮ.

ಮೇಷ್ಟ್ರಿಗೆ ಅದು ಸವಾಲಿನಂತೆ ಕೇಳಿಸಿತು. ಭಾನುವಾರ ಬೆಳಿಗ್ಗೆ ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದು, ಸುಣ್ಣದ ತಿಳಿ ಬಗ್ಗಿಸಿ, ಎಣ್ಣೆ ಸುರಿದು, ಎರಡು ತೊಟ್ಟು ಅತ್ತರು ಬಿಟ್ಟು ಕುಲುಕತೊಡಗಿದರು. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಬಾಟಲಿಯೊಳಗೆ ಎಮ್ಮೆ ಮೊಸರಿನಂಥ ಬೆಳ್ಳನೆಯ ಪದಾರ್ಥ ಕೂತಿತ್ತು. ನಿಜವಾಗಿ ಆದೀತೆಂದು ಅವರೂ ಪೂರ್ತಿ ನಂಬಿರಲಿಲ್ಲ. ಆದದ್ದು ಕಂಡು ಬಾಟಲಿ ಹಿಡಿದುಕೊಂಡು ಬೀದಿ ಬಾಗಿಲಿಗೇ ಬಂದುಬಿಟ್ಟರು. ತಪ್ಪಾದದ್ದು ಅಲ್ಲಿ.

ಅವರದು ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರ ಬಾಡಿಗೆ ಮನೆ. ನಡುವೆ ಒಂದೇ ಗೋಡೆ. ಮಾಲೀಕರ ಹೆಂಡತಿ ಸಿದ್ದಲಿಂಗಮ್ಮ ಹತ್ತೇ ನಿಮಿಷದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಬಂದರು.

"ಮೇಷ್ಟ್ರೇ, ಮಧ್ಯಾಹ್ನದ ಬಸ್ಸಿಗೆ ಜಗಳೂರಿಂದ ನಮ್ಮ ಕೊಟ್ರಮ್ಮನ್ನ ನೋಡಾಕೆ ಬರ್ತಾರೆ. ಶೇಂಗಾ ಎಣ್ಣೆ ಮಿಲ್ಲಿರೋ ಮನೆತನ. 'ಸಾರ್ ಮಾಡಿದ ಸ್ನೋ ಇಸ್ಕಂಡು ಬಾರವ್ವ' ಅಂತ ಹುಡುಗೀನೇ ಕಳಿಸ್ಯಾಳೆ. ಒಂಚೂರು ಕೊಡ್ರಿ."

ಕೊಟ್ರಮ್ಮ ಮೂರು ವರ್ಷ ಮೇಷ್ಟ್ರ ಕೈಕೆಳಗೆ ಓದಿದವಳು. ಆ ವರ್ಷವಷ್ಟೇ ಹೊನ್ನಾಳಿಯಲ್ಲಿ ಪಿಯುಸಿ ಮುಗಿಸಿದ್ದಳು. ಶಿಷ್ಯೆಗೆ ತನ್ನ ವಿಜ್ಞಾನದ ಮೇಲೆ ಇಷ್ಟು ನಂಬಿಕೆಯೇ! ಮೇಷ್ಟ್ರು ಉಬ್ಬಿಹೋದರು. ಕಸ್ತೂರಮ್ಮ ಒಂದು ಬೆರಳು ಅದ್ದುವ ಮೊದಲೇ ಬಾಟಲಿ ಗೋಡೆಯಾಚೆ ಹೋಯಿತು.

ಅರ್ಧ ಗಂಟೆಯ ಮೇಲೆ ಆಚೆಯಿಂದ ಬಂದ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳು ಹಾರಿದವು.

"ಮೇಷ್ಟ್ರೇ! ಬರ್ರಿ ಇಲ್ಲಿ! ನೋಡ್ರಿ ನಿಮ್ಮ ಸ್ನೋ ಕೆಲಸಾನ!"

ನಡುಮನೆಯಲ್ಲಿ ಕೊಟ್ರಮ್ಮ ತಲೆ ತಗ್ಗಿಸಿ ನಿಂತಿದ್ದಳು. ಹಣೆಯಿಂದ ಗಲ್ಲದವರೆಗೆ ಮುಖ ಆಗತಾನೆ ಭಟ್ಟಿಯಿಂದ ತೆಗೆದ ಇಟ್ಟಿಗೆಯಂತೆ ಕೆಂಪು. ಕಿವಿಯ ಹತ್ತಿರ ಮಾತ್ರ ಹಳದಿ ಅಂಚು.

"ಅಮ್ಮ ಬಂದಾಳೆ! ಬೇವಿನಸೊಪ್ಪು ತರ್ರಿ!" ಎಂದು ಎದುರುಮನೆಯ ದುರುಗಮ್ಮ ಆಗಲೇ ಕೈ ಮುಗಿದು ನಿಂತಿದ್ದಳು. ಸಿದ್ದಲಿಂಗಮ್ಮ ಸೋಪು ಹಚ್ಚಿ ಮಗಳ ಮುಖ ಉಜ್ಜಿದರು. ಉಜ್ಜಿದಷ್ಟೂ ಕೆಂಪು ಏರಿತು.

"ಸೋಪು ನಿಲ್ಲಿಸ್ರಿ!" ಎಂದರು ಮೇಷ್ಟ್ರು. "ಸ್ನೋ ಹಚ್ಚೋಕೆ ಮುಂಚೆ ಮುಖಕ್ಕೆ ಏನು ಹಚ್ಚಿದ್ರಿ?"

"ಅರಿಶಿನ. ಇನ್ನೇನು ಹಚ್ತಾರೆ? ನಿಮ್ಮ ಸ್ನೋದಾಗೆ ಏನೈತೆ, ಅದನ್ನ ಹೇಳ್ರಿ ಮೊದ್ಲು."

"ಸುಣ್ಣದ ತಿಳಿ..." ಮೇಷ್ಟ್ರ ದನಿ ಅರ್ಧದಲ್ಲೇ ಇಳಿಯಿತು.

ಸಿದ್ದಲಿಂಗಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ! ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಆರತಿ ನೀರಾಗ್ತೈತೆ ಅಂತ ಇಡೀ ನ್ಯಾಮತಿಗೆ ಗೊತ್ತೈತೆ. ನಿಮಗೊಬ್ಬರಿಗೆ ಗೊತ್ತಿಲ್ವಾ? ನನ್ನ ಮಗಳ ಮುಖದ ಮೇಲೆ ಆರತಿ ನೀರು ಕದಡಿದಿರಲ್ರೀ!"

"ಗಾಬರಿ ಆಗಬ್ಯಾಡ್ರಿ. ಹುಳಿ ಬಿದ್ರೆ ಆ ಕೆಂಪು ಹೋಗಿ ಮತ್ತೆ ಹಳದಿ ಆಗ್ತೈತೆ" ಎಂದರು ಮೇಷ್ಟ್ರು. ಹಿಂದೆಯೇ ಬಂದಿದ್ದ ಕಸ್ತೂರಮ್ಮ ಹುಣಸೆಹಣ್ಣು ತರಲು ತಿರುಗಿದಳು.

ಅಲ್ಲಿಯವರೆಗೆ ಸುಮ್ಮನಿದ್ದ ಕೊಟ್ರಮ್ಮ ಮೆಲ್ಲಗೆ ಬಾಯಿ ತೆರೆದಳು. "ಹುಣಸೆಹಣ್ಣು ಬ್ಯಾಡ, ಮುಖ ಕಪ್ಪಾಗ್ತೈತೆ. ನಿಂಬೆಹಣ್ಣು ಸಿಕ್ಕಿದ್ರೆ ನೋಡ್ರಿ, ಸಾರ್."

ಮೇಷ್ಟ್ರು ಸೈಕಲ್ಲು ಹತ್ತಿದರು. ಊರಿನ ಅಂಗಡಿಗಳಲ್ಲಿ ಆವತ್ತು ನಿಂಬೆಹಣ್ಣೊಂದು ಬಿಟ್ಟು ಮಿಕ್ಕದ್ದೆಲ್ಲ ಇತ್ತು. ಒಬ್ಬ ಶೆಟ್ಟರು ನಿಂಬೆಕಾಯಿ ಉಪ್ಪಿನಕಾಯಿ ತೋರಿಸಿ, "ಇದರಾಗೂ ಹುಳಿ ಐತಲ್ರೀ" ಎಂದರು. ಹುಡುಗಿಯ ಮುಖಕ್ಕೆ ಖಾರ ಬಳಿಯುವುದನ್ನು ನೆನೆದು ಮೇಷ್ಟ್ರು ಹಾಗೇ ಹಿಂದೆ ಸರಿದರು. ಅಲೆದಲೆದು ಬಸ್ ಸ್ಟ್ಯಾಂಡಿಗೆ ಬಂದಾಗ ದಾವಣಗೆರೆ ಕಡೆಯ ಬಸ್ಸು ಆಗತಾನೆ ಬಂದು ನಿಂತಿತ್ತು. ಅದರ ಮೂತಿಗೆ ದೃಷ್ಟಿಗೆಂದು ಕಟ್ಟಿದ ದಾರದಲ್ಲಿ ಮೆಣಸಿನಕಾಯಿಗಳ ನಡುವೆ ಎರಡು ನಿಂಬೆಹಣ್ಣು! ಬೆಳಿಗ್ಗೆಯಷ್ಟೇ ಕಟ್ಟಿದ್ದು, ಇನ್ನೂ ಹಸಿ.

ಮೇಷ್ಟ್ರು ಅತ್ತಿತ್ತ ನೋಡಿ ದಾರಕ್ಕೆ ಕೈ ಹಾಕಿದರು.

"ಏಯ್! ಯಾರದು?" ಡ್ರೈವರು ಟೀ ಲೋಟ ಹಿಡಿದುಕೊಂಡೇ ಓಡಿಬಂದ. "ಬಿಡ್ರೀ ಅದನ್ನ! ಅದರ ದಯದಿಂದ ಈ ಬಸ್ಸು ಓಡ್ತೈತೆ. ಬ್ರೇಕಿಗಿಂತ ಹೆಚ್ಚಾಗಿ ನಾನು ಅದನ್ನೇ ನಂಬ್ಕಂಡೀನಿ!"

"ಒಂದು ಹೆಣ್ಣುಮಗಳ ಮದುವೆ ವಿಚಾರ ಕಣಪ್ಪಾ..."

ಬಸ್ಸಿಳಿದ ದಪ್ಪ ಮೀಸೆಯ, ರುಮಾಲಿನ ಯಜಮಾನರೊಬ್ಬರು ನಿಂತು ಮೇಷ್ಟ್ರನ್ನು ಕಾಲಿಂದ ತಲೆವರೆಗೆ ನೋಡಿದರು. "ನೋಡಾಕೆ ಓದಿದೋರ ಹಂಗೆ ಕಾಣ್ತೀರಿ. ಬಸ್ಸಿನ ನಿಂಬೆಹಣ್ಣು ಕೀಳಾಕೆ ನಾಚಿಕೆ ಆಗಲ್ವಾ?"

ಅಷ್ಟರಲ್ಲಿ ಬಸ್ಸಿನೊಳಗಿನಿಂದ ಒಬ್ಬ ತಲೆ ಹೊರಹಾಕಿ, "ಡ್ರೈವರಣ್ಣಾ, ಬ್ರೇಕಿಗೆ ಏನಾಗೈತೆ ಅಂದೆ?" ಎಂದು ಕೇಳಿದ. ಪಕ್ಕದವನೂ ಕೇಳಿದ. ಕ್ಷಣದಲ್ಲಿ ಇಡೀ ಬಸ್ಸು ಡ್ರೈವರನ ಮೇಲೆ ಬಿತ್ತು. ಆ ಗದ್ದಲದಲ್ಲಿ ಮೇಷ್ಟ್ರು ಎರಡು ನಿಂಬೆಹಣ್ಣು ಜೇಬಿಗಿಳಿಸಿ ಪರಾರಿಯಾದರು.

ಮಾಲೀಕರ ಮನೆಗೆ ಬಂದವರೇ ಒಂದನ್ನು ಕೊಟ್ರಮ್ಮನ ಕೈಗಿಟ್ಟರು. ಅವಳು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಮೇಷ್ಟ್ರು ಬೆವರು ಒರೆಸಿಕೊಂಡು ಪಡಸಾಲೆಗೆ ಬರುವುದಕ್ಕೂ ಜಗಳೂರಿನವರು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಹಿಂದೆ ತಲೆ ಬಗ್ಗಿಸಿಕೊಂಡ ವರ. ಮುಂದೆ ಅದೇ ರುಮಾಲು, ಅದೇ ಮೀಸೆ. ವರನ ಸೋದರಮಾವ ಮರುಳಪ್ಪ.

"ಓಹೋ, ನಿಂಬೆಹಣ್ಣಿನೋರು!" ಎಂದರು ಮರುಳಪ್ಪ.

ಮಹೇಶ್ವರಪ್ಪನವರು ಕಕ್ಕಾಬಿಕ್ಕಿಯಾದರು. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ವಾಸಿ ಎಂದು ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ಹೇಳಿದ್ದಷ್ಟೇ ಅಲ್ಲ, ತಟ್ಟೆಯೊಂದರಲ್ಲಿ ಅರಿಶಿನದ ನೀರು ಕಲಸಿ, ಎಲೆ-ಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಹಾಕಿದರು. ಕೆಂಪಾಯಿತು. ಉಳಿದ ನಿಂಬೆಹಣ್ಣು ಹಿಂಡಿದರು. ಹಳದಿಯಾಯಿತು.

"ಭೇಷ್!" ಎಂದರು ಮರುಳಪ್ಪ. ವರ ಕೂಡ ತಲೆ ಎತ್ತಿ ನೋಡಿದ.

"ಸುಣ್ಣದಿಂದ ಬಂದ ಕೆಂಪು ಹುಳಿ ಮುಂದೆ ನಿಲ್ಲಲ್ಲ. ಐದೇ ನಿಮಿಷ, ನಿಮ್ಮ ಕಣ್ಣಾರೆ ನೋಡ್ರಿ" ಎಂದು ಮೇಷ್ಟ್ರು ಎದೆಯುಬ್ಬಿಸಿ ಕೂತರು.

ಐದು ನಿಮಿಷಕ್ಕೆ ಕೊಟ್ರಮ್ಮ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಅವಳ ಮುಖದ ಮುಂದೆ ಕೇಸರಿಬಾತೇ ಪೇಲವವಾಗಿ ಕಂಡಿತು. ಮೊದಲಿಗಿಂತ ಕೆಂಪು. ಕತ್ತಿನವರೆಗೂ ಕೆಂಪು.

ಮೇಷ್ಟ್ರು ತಟ್ಟೆಯ ಹಳದಿ ನೀರನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. "ನಿಂಬೆಹಣ್ಣು ಹಚ್ಚಿದೇನವ್ವಾ?"

"ಪೂರ್ತಿ ಹಣ್ಣು ಹಚ್ಚಿದೆ, ಸಾರ್."

ಮರುಳಪ್ಪ ಕೇಸರಿಬಾತು ಮುಗಿಸಿ, ಕೈ ತೊಳೆದು, ನಿಧಾನವಾಗಿ ಹೇಳಿದರು. "ಮೇಷ್ಟ್ರು ಸುಳ್ಳು ಹೇಳಿಲ್ಲ, ತಟ್ಟೆಯಾಗೆ ನೋಡಿದ್ವಿ. ಸುಣ್ಣದ ಕೆಂಪಾಗಿದ್ರೆ ಹುಳಿಗೆ ಹೋಗಬೇಕಿತ್ತು. ಹೋಗಿಲ್ಲ. ಅಂದ್ರೆ ಇದು ಚರ್ಮದ ಕಾಯಿಲೆ. ತಪ್ಪು ತಿಳ್ಕಾಬ್ಯಾಡ್ರಿ, ಮಹೇಶ್ವರಪ್ಪನೋರೆ. ನಾವು ಬರ್ತೀವಿ."

ಅವರು ಬೀದಿಯ ತಿರುವು ದಾಟುವ ತನಕ ಮಹೇಶ್ವರಪ್ಪನವರು ಬಾಗಿಲಲ್ಲೇ ಕೈ ಮುಗಿದು ನಿಂತಿದ್ದರು. ಆಮೇಲೆ ಆಡಿದ್ದು ಒಂದೇ ಮಾತು: "ಮೇಷ್ಟ್ರೇ, ಈ ತಿಂಗಳಿಗೆ ಮನೆ ಖಾಲಿ ಮಾಡ್ರಿ."

ಸಂಜೆ ಮೇಷ್ಟ್ರು ಜಗಲಿಯ ಮೇಲೆ ಮಂಕಾಗಿ ಕೂತಿದ್ದರು. ಮನೆ ಹೋದದ್ದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆಯುತ್ತಿದ್ದದ್ದು ಆ ಕೆಂಪು. ತಟ್ಟೆಯಲ್ಲಿ ಹೋದದ್ದು ಮುಖದಲ್ಲಿ ಯಾಕೆ ಹೋಗಲಿಲ್ಲ? ಹತ್ತು ವರ್ಷ ಕಲಿಸಿದ್ದೆಲ್ಲ ಸುಳ್ಳೇ?

ಕೊಟ್ರಮ್ಮ ಬಾಟಲಿ ವಾಪಸು ಕೊಡಲು ಬಂದಳು. ಮುಖ ಬೆಳಿಗ್ಗೆ ಎದ್ದಾಗಿನಷ್ಟೇ ಲಕ್ಷಣವಾಗಿತ್ತು. ಕೆಂಪಿನ ಸುಳಿವೂ ಇರಲಿಲ್ಲ.

"ಯಾವಾಗ ಹೋಯ್ತವ್ವಾ ಇದು?" ಮೇಷ್ಟ್ರು ಎದ್ದು ನಿಂತರು.

"ಅವರು ಬಸ್ ಹತ್ತಿದ್ಮ್ಯಾಲೆ ಹುಣಸೆಹಣ್ಣು ಹಚ್ಚಿ ತೊಳ್ಕಂಡೆ, ಸಾರ್."

"ಮತ್ತೆ ನಿಂಬೆಹಣ್ಣು?"

ಅವಳು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಬಚ್ಚಲ ಕಿಟಕಿಯಿಂದ ಆಚೆ ಎಸೆದೆ. ಇನ್ನೊಂದ್ಸಲ ಅರಿಶಿನ ಬಳ್ಕಂಡು ಉಳಿದ ಸ್ನೋನೆಲ್ಲ ಹಚ್ಚಿದೆ. ಅರಿಶಿನ, ಸುಣ್ಣ, ಹುಳಿ, ಎಲ್ಲ ಒಂಬತ್ತನೇ ಕ್ಲಾಸಿನಾಗೆ ನೀವೇ ಮಾಡಿ ತೋರ್ಸಿದ್ರಲ್ಲ ಸಾರ್. ಈ ಸಂಬಂಧ ತಪ್ಪಿದ್ರೆ ಶಿವಮೊಗ್ಗಕ್ಕೆ ಬಿಎಸ್ಸಿಗೆ ಕಳಿಸ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ರು. ನಾಳೆ ಅರ್ಜಿ ತರಾಕೆ ಹೋಗ್ತಾರೆ." ಅವಳ ಕಣ್ಣಲ್ಲಿ ನೀರು ತುಂಬಿತು. "ನಿಮ್ಮ ಮನೆ ಹೋಗ್ತೈತೆ ಅಂತ ಗೊತ್ತಿರಲಿಲ್ಲ. ಅಪ್ಪಂಗೆ ನಿಜ ಹೇಳಿಬಿಡ್ಲಾ?"

ಮೇಷ್ಟ್ರು ಉತ್ತರಿಸುವ ಮೊದಲೇ ಗೋಡೆಯಾಚೆ ಚಪ್ಪಲಿ ಸದ್ದಾಯಿತು. ಮಹೇಶ್ವರಪ್ಪನವರು. ಸಿಟ್ಟು ಇಳಿದಿತ್ತು, ಸಂಶಯ ಇಳಿದಿರಲಿಲ್ಲ.

"ಮೇಷ್ಟ್ರೇ, ಒಂದು ಮಾತು. ಇದನ್ನ ತಿಳಿಸಿ ಹೇಳಿದ್ರೆ ಮನೆ ವಿಚಾರ ಇನ್ನೊಂದ್ಸಲ ಯೋಚನೆ ಮಾಡ್ತೀನಿ. ತಟ್ಟೆಯಾಗೆ ಹೋದ ಕೆಂಪು ನನ್ನ ಮಗಳ ಮುಖದಾಗೆ ಅವರ ಮುಂದೆ ಯಾಕೆ ಹೋಗ್ಲಿಲ್ಲ?"

ಹತ್ತು ವರ್ಷದಲ್ಲಿ ಮುರುಗೇಶಪ್ಪನವರಿಗೆ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ಬಾಟಲಿ ಹಿಡಿದು ನಿಂತ ಹುಡುಗಿಯ ಕಡೆ ನೋಡಲಿಲ್ಲ.

"ನನಗೂ ತಿಳೀಲಿಲ್ರೀ" ಎಂದರು. "ಸೈನ್ಸಿನಾಗೆ ನಾನು ಅಷ್ಟಕ್ಕಷ್ಟೇ."

"ಅದು ಇವತ್ತು ಊರಿಗೆಲ್ಲ ಗೊತ್ತಾಯ್ತು ಬಿಡ್ರಿ" ಎಂದು ನಿಟ್ಟುಸಿರಿಟ್ಟು ಮಹೇಶ್ವರಪ್ಪನವರು ಮಗಳ ಕಡೆ ತಿರುಗಿದರು. "ನಡಿಯವ್ವಾ ಒಳಗೆ. ಕಾಲೇಜಿನಾಗಾದ್ರೂ ಒಳ್ಳೆ ಮೇಷ್ಟ್ರು ಸಿಗ್ಲಿ ನಿನಗೆ."